ಸುಟ್ಟ ಗಾಯದ ಉಬ್ಬಿದ ಕಲೆ: ಬಿಗಿ ಉಡುಪು, ಸಿಲಿಕೋನ್ ಶೀಟ್, ಮಸಾಜ್, ವ್ಯಾಯಾಮ – ಯಾವುದು ಎಷ್ಟು ಕೆಲಸ ಮಾಡುತ್ತದೆ?

ಎರಡು ಫೋಟೋಗಳಿರುವ ಒಂದು ಫಾರ್ವರ್ಡ್ ಆಗಾಗ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿರುತ್ತದೆ. ಎಡಗಡೆಯ ಫೋಟೋದಲ್ಲಿ ಸುಟ್ಟು ಮಾಯ್ದ ಕೈ. ಚರ್ಮ ಕೆಂಪಗಾಗಿ, ಹಗ್ಗ ಹೊಸೆದಿಟ್ಟ ಹಾಗೆ ದಪ್ಪಗೆ ಉಬ್ಬಿದೆ. ಬಲಗಡೆ ಅದೇ ಕೈ. ಉಬ್ಬು ಇಳಿದಿದೆ, ಕೆಂಪು ಮಾಸಿದೆ. ಕೆಳಗೆ ಯಾವುದೋ ಎಣ್ಣೆಯ ಹೆಸರು, ಇಲ್ಲವೇ ಲೋಳೆಸರ-ಅರಿಶಿನದ ಲೇಪ, ಇಲ್ಲವೇ ವಿಟಮಿನ್ ಇ ಕ್ಯಾಪ್ಸೂಲ್. ಕೊನೆಗೆ “ಒಬ್ಬರಿಗಾದರೂ ಉಪಯೋಗವಾಗಲಿ, ಶೇರ್ ಮಾಡಿ.”

ಈ ಫೋಟೋಗಳು ನಕಲಿಯೇ ಆಗಿರಬೇಕೆಂದಿಲ್ಲ. ಎರಡೂ ಒಂದೇ ಕೈಯದ್ದಾಗಿರಬಹುದು, ಲೇಪ ಹಚ್ಚಿದ್ದೂ ನಿಜವಿರಬಹುದು. ಆದರೆ ಎರಡು ಫೋಟೋಗಳ ನಡುವೆ ಎಷ್ಟು ತಿಂಗಳು ಕಳೆದಿವೆ ಎಂಬುದನ್ನು ಮಾತ್ರ ಫಾರ್ವರ್ಡ್ ಹೇಳುವುದಿಲ್ಲ. ನಾವು ಈ ಲೇಖನದಲ್ಲಿ ನೋಡಹೊರಟಿರುವ ಎಲ್ಲ ಚಿಕಿತ್ಸೆಗಳ ಲೆಕ್ಕಾಚಾರವೂ ಈ ಒಂದು ಪ್ರಶ್ನೆಯ ಮೇಲೆಯೇ ನಿಂತಿದೆ.

ಕಲೆ ಯಾಕೆ ಉಬ್ಬುತ್ತದೆ?

ಸುಟ್ಟ ಗಾಯ ಮೇಲಿನ ಪದರಕ್ಕಷ್ಟೇ ಸೀಮಿತವಾಗಿದ್ದರೆ ಹತ್ತು-ಹದಿನೈದು ದಿನಗಳಲ್ಲಿ ಮಾಯುತ್ತದೆ, ಕಲೆಯೂ ಹೆಚ್ಚು ಉಳಿಯುವುದಿಲ್ಲ. ಆಳಕ್ಕೆ ಇಳಿದಿದ್ದರೆ ದೇಹ ತುರ್ತು ದುರಸ್ತಿಗೆ ಕೂರುತ್ತದೆ. ಮಾಮೂಲಿ ಚರ್ಮದಲ್ಲಿ ಕೊಲಾಜನ್ ಎಂಬ ನಾರುಗಳು ಅಚ್ಚುಕಟ್ಟಾಗಿ ಹೆಣೆದುಕೊಂಡಿರುತ್ತವೆ. ತುರ್ತು ದುರಸ್ತಿಯಲ್ಲಿ ಅಷ್ಟು ಅಚ್ಚುಕಟ್ಟಿಗೆ ಪುರುಸೊತ್ತಿಲ್ಲ. ನಾರುಗಳು ಬೇಕಾದ್ದಕ್ಕಿಂತ ಹೆಚ್ಚಾಗಿ ತಯಾರಾಗುತ್ತವೆ, ಅಡ್ಡಾದಿಡ್ಡಿ ರಾಶಿ ಬೀಳುತ್ತವೆ. ರಕ್ತನಾಳಗಳೂ ಜಾಸ್ತಿಯಾಗುವುದರಿಂದ ಆ ಜಾಗ ಕೆಂಪಗೆ ಕಾಣುತ್ತದೆ, ವಿಪರೀತ ತುರಿಸುತ್ತದೆ. ವೈದ್ಯರು ಇದನ್ನು ಹೈಪರ್‌ಟ್ರೋಫಿಕ್ ಸ್ಕಾರ್ ಎನ್ನುತ್ತಾರೆ. ಕೀಲಾಯ್ಡ್ ಬೇರೆ, ಅದು ಮೂಲ ಗಾಯದ ಗಡಿಯನ್ನೂ ದಾಟಿ ಬೆಳೆಯುತ್ತದೆ. ಹೈಪರ್‌ಟ್ರೋಫಿಕ್ ಕಲೆ ಗಾಯವಾದ ಜಾಗದೊಳಗೇ ಉಬ್ಬುತ್ತದೆ.

ಎಷ್ಟು ದಿನಕ್ಕೆ ಗಾಯ ಮಾಯಿತು ಎಂಬುದು ಇಲ್ಲಿ ಬಹಳ ಮುಖ್ಯ. 1983ರಲ್ಲಿ ಅಮೆರಿಕದ ವೈದ್ಯರು 100 ರೋಗಿಗಳನ್ನು ಗಮನಿಸಿ ಪ್ರಕಟಿಸಿದ ಅಧ್ಯಯನ ಇವತ್ತಿಗೂ ಉಲ್ಲೇಖವಾಗುತ್ತದೆ. 14ರಿಂದ 21 ದಿನಗಳೊಳಗೆ ಮಾಯ್ದ ಜಾಗಗಳಲ್ಲಿ ಮೂರನೇ ಒಂದು ಭಾಗ ಉಬ್ಬಿದವು. 21 ದಿನ ದಾಟಿದ ಮೇಲೆ ಮಾಯ್ದ ಜಾಗಗಳಲ್ಲಿ ಶೇ 78ರಷ್ಟು ಉಬ್ಬಿದವು. ಹಾಗಾಗಿ ಮೂರು ವಾರ ಕಳೆದರೂ ಗಾಯ ಮಾಯದಿದ್ದರೆ ಕಲೆ ಕಾಣಿಸುವವರೆಗೆ ಕಾಯದೆ ಮೊದಲೇ ತಯಾರಾಗುವುದು ಒಳ್ಳೆಯದು. (ಸುಟ್ಟ ತಕ್ಷಣ ಟೂತ್‌ಪೇಸ್ಟ್, ಇಂಕು, ಹಿಟ್ಟು ಮೆತ್ತುವ ಬದಲು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ ಎಂದು ಪದೇ ಪದೇ ಹೇಳುವುದಕ್ಕೂ ಇದೇ ಕಾರಣ: ಗಾಯ ಆಳಕ್ಕಿಳಿಯುವುದು ಕಡಿಮೆಯಾದರೆ ಬೇಗ ಮಾಯುತ್ತದೆ.)

ಈಗ ಮತ್ತೆ ಫೋಟೋಗಳ ವಿಷಯ. ಉಬ್ಬಿದ ಕಲೆ ಸಾಮಾನ್ಯವಾಗಿ ಗಾಯ ಮಾಯ್ದ ಒಂದೆರಡು ತಿಂಗಳಲ್ಲಿ ತಲೆಯೆತ್ತುತ್ತದೆ, ಆರು ತಿಂಗಳ ಆಸುಪಾಸಿನವರೆಗೂ ಬೆಳೆಯುತ್ತದೆ, ಆಮೇಲೆ ಒಂದೆರಡು ವರ್ಷಗಳಲ್ಲಿ ನಿಧಾನವಾಗಿ ಮೆತ್ತಗಾಗಿ, ಬಣ್ಣ ಮಾಸಿ, ಬಹಳ ಜನರಲ್ಲಿ ಸ್ವಲ್ಪಮಟ್ಟಿಗೆ ತಗ್ಗುತ್ತದೆ. ಇದು ತಾನಾಗಿಯೇ ಆಗುವ ಬದಲಾವಣೆ. ಆರನೇ ತಿಂಗಳಲ್ಲಿ ಕಲೆ ನೋಡಿ ಗಾಬರಿಯಾಗಿ ಏನೋ ಹಚ್ಚಲು ಶುರು ಮಾಡಿದವರಿಗೆ ಒಂದೂವರೆ ವರ್ಷ ತುಂಬುವ ಹೊತ್ತಿಗೆ ಫಲ ಕಾಣುತ್ತದೆ. ಹಚ್ಚಿದ್ದು ಕೊಬ್ಬರಿ ಎಣ್ಣೆಯಾದರೂ ಸರಿ, ಏನೂ ಹಚ್ಚದಿದ್ದರೂ ಸರಿ. ಆದ್ದರಿಂದ ಸುಟ್ಟ ಕಲೆಯ ಮಟ್ಟಿಗೆ ‘ಮೊದಲು-ನಂತರ’ದ ಫೋಟೋ ಯಾವ ಚಿಕಿತ್ಸೆಗೂ ಪುರಾವೆಯಲ್ಲ. ಇದು ಮನೆಮದ್ದಿಗೂ ಅನ್ವಯಿಸುತ್ತದೆ, ಕ್ಲಿನಿಕ್‌ಗಳ ಜಾಹೀರಾತಿಗೂ ಅನ್ವಯಿಸುತ್ತದೆ. ಚಿಕಿತ್ಸೆ ಪಡೆಯದ ಅಂಥದ್ದೇ ಕಲೆಯ ಜೊತೆ ಹೋಲಿಸಿದಾಗ ಮಾತ್ರ ನಿಜ ತಿಳಿಯುತ್ತದೆ.

ಬಿಗಿ ಉಡುಪು: 50 ವರ್ಷಗಳ ಹಳೆಯ ನಂಬಿಕೆ

ಆಸ್ಪತ್ರೆಯಿಂದ ಮನೆಗೆ ಬರುವಾಗ ಹಲವರಿಗೆ ಹೇಳುವುದು ಪ್ರೆಶರ್ ಗಾರ್ಮೆಂಟ್ ಹಾಕಿಕೊಳ್ಳಿ ಎಂದು. ಅಳತೆಗೆ ಹೊಲಿದ, ಮೈಗೆ ಅಂಟಿಕೊಳ್ಳುವ ಇಲಾಸ್ಟಿಕ್ ಬಟ್ಟೆಯ ಕೈಗವಸು, ತೋಳು, ಬನಿಯನ್ನು, ಕೆಲವೊಮ್ಮೆ ಮುಖವಾಡ.

ಇದು ಬಳಕೆಗೆ ಬಂದ ಕಥೆ ಸ್ವಾರಸ್ಯವಾಗಿದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಕಾಲು ಸುಟ್ಟಿದ್ದ ಒಬ್ಬ ರೋಗಿಗೆ ರಕ್ತನಾಳದ ತೊಂದರೆಗಾಗಿ ಬಿಗಿಯಾದ ಕಾಲುಚೀಲ ಕೊಟ್ಟಿದ್ದರು. ಕಲೆಯೂ ಸುಧಾರಿಸಿದ್ದು ವೈದ್ಯರ ಕಣ್ಣಿಗೆ ಬಿತ್ತು. ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿದ್ದ ಮಕ್ಕಳ ಸುಟ್ಟಗಾಯದ ಆಸ್ಪತ್ರೆಯ ಡಾ. ಡ್ವೇನ್ ಲಾರ್ಸನ್ ಮತ್ತವರ ತಂಡ ಇದನ್ನು ಬೆಳೆಸಿ 1971ರಲ್ಲಿ ಪ್ರಕಟಿಸಿತು. ಅಲ್ಲಿಂದ ಪ್ರಪಂಚದೆಲ್ಲೆಡೆ ರೂಢಿಯಾಯಿತು. ಒತ್ತಡದಿಂದ ಕಲೆಯೊಳಗಿನ ರಕ್ತದ ಹರಿವು ಕಡಿಮೆಯಾಗಿ, ಕೊಲಾಜನ್ ತಯಾರಿಯೂ ತಗ್ಗುತ್ತದೆ ಎಂಬುದು ಇದರ ಹಿಂದಿನ ವಿವರಣೆ. ಬಿಪಿ ಅಳೆಯುವ ಅದೇ ಮಾನದಲ್ಲಿ 15ರಿಂದ 25ರಷ್ಟು ಒತ್ತಡ, ದಿನಕ್ಕೆ 23 ಗಂಟೆ, ಕಲೆ ಪಕ್ವವಾಗುವ ತನಕ. ಅಂದರೆ ಆರು ತಿಂಗಳಿಂದ ಎರಡು ವರ್ಷ.

ರೂಢಿ ಮೊದಲು ಬಂತು, ಸರಿಯಾದ ಪರೀಕ್ಷೆ ಎಷ್ಟೋ ವರ್ಷಗಳ ಮೇಲೆ ನಡೆಯಿತು. 2009ರಲ್ಲಿ ಆರು ಪ್ರಯೋಗಗಳ, ಒಟ್ಟು 316 ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ ಕಲೆಯ ಒಟ್ಟಾರೆ ಸ್ಥಿತಿಯಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಎತ್ತರ ಮಾತ್ರ ಸ್ವಲ್ಪ ಕಡಿಮೆಯಾಗಿತ್ತು, ಅದೂ ರೋಗಿಗೆ ಗೊತ್ತಾಗುವಷ್ಟೋ ಇಲ್ಲವೋ ಎಂಬ ಅನುಮಾನ. 2017ರಲ್ಲಿ 12 ಪ್ರಯೋಗಗಳನ್ನು ಸೇರಿಸಿದ ಇನ್ನೊಂದು ವಿಶ್ಲೇಷಣೆ ಒತ್ತಡದಿಂದ ಕಲೆ ತೆಳುವಾಗುತ್ತದೆ, ಕೆಂಪು ಮತ್ತು ಗಡಸುತನ ತಗ್ಗುತ್ತದೆ ಎಂದಿತು. ಯಾವುದನ್ನು ನಂಬೋಣ?

ನಮಗೆ ಇವೆರಡಕ್ಕಿಂತ ಹೆಚ್ಚು ಕಣ್ಣು ತೆರೆಸಿದ್ದು ಸಿಯಾಟಲ್‌ನಲ್ಲಿ 12 ವರ್ಷ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ. ಅವರ ಉಪಾಯ ಸರಳ. ಮುಂಗೈ ಸುಟ್ಟವರಿಗೆ ಕೊಟ್ಟ ತೋಳಿನ ಒಂದು ಭಾಗದಲ್ಲಿ ಸರಿಯಾದ ಒತ್ತಡ, ಇನ್ನೊಂದು ಭಾಗದಲ್ಲಿ ಸಡಿಲ. ಅದೇ ಮನುಷ್ಯ, ಅದೇ ಗಾಯ, ಅಷ್ಟೇ ಕಾಲ. ತಾನಾಗಿ ವಾಸಿಯಾಗುವ ಪಾಲು ಎರಡೂ ಕಡೆ ಒಂದೇ ಆಗುವುದರಿಂದ ಉಳಿದ ವ್ಯತ್ಯಾಸವೆಲ್ಲ ಒತ್ತಡದ್ದು. ಒತ್ತಡ ಬಿದ್ದ ಭಾಗ ಮೆತ್ತಗೂ ತೆಳ್ಳಗೂ ಆಗಿತ್ತು. ಆದರೆ ಕಣ್ಣಿಗೆ ಕಾಣುವ ಲಾಭವಾದದ್ದು ಮಧ್ಯಮದಿಂದ ತೀವ್ರವಾಗಿ ಉಬ್ಬಿದ ಕಲೆಗಳಲ್ಲಿ ಮಾತ್ರ. ಸಣ್ಣಗೆ ಉಬ್ಬಿದವರು 23 ಗಂಟೆ ಬಿಗಿದುಕೊಂಡು ಕೂತದ್ದಕ್ಕೆ ಹೇಳಿಕೊಳ್ಳುವ ಫಲವಿರಲಿಲ್ಲ.

ಇದನ್ನು ನಮ್ಮ ಊರಿನ ಹವೆಗೆ ತಂದು ನೋಡಿ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಅಥವಾ ಮಂಗಳೂರಿನ ಬೆವರಿನಲ್ಲಿ ದಿನವಿಡೀ ಇಲಾಸ್ಟಿಕ್ ತೋಳು ಹಾಕಿಕೊಳ್ಳುವುದು ಸುಲಭವಲ್ಲ. ಬೆವರುಸಾಲೆ, ಉಜ್ಜಿ ಆಗುವ ಗುಳ್ಳೆ, ಊತ ಎಲ್ಲ ಬರಬಹುದು. ಒಗೆಯಲು ಇನ್ನೊಂದು ಜೊತೆ ಬೇಕು. ಕೆಲವು ತಿಂಗಳಲ್ಲಿ ಇಲಾಸ್ಟಿಕ್ ಸಡಿಲಾಗುತ್ತದೆ, ಬೆಳೆಯುವ ಮಕ್ಕಳಿಗಂತೂ ಅಳತೆಯೇ ಬದಲಾಗುತ್ತದೆ. ಸಡಿಲಾದದ್ದನ್ನು ಹಾಕಿಕೊಂಡರೆ ಸೆಖೆ ಮಾತ್ರ ಮಿಗುತ್ತದೆ. ಅಂಗಡಿಯಲ್ಲಿ ಸಿಗುವ ಮೊಣಕಾಲಿನ ಕ್ಯಾಪ್, ಕ್ರೇಪ್ ಬ್ಯಾಂಡೇಜ್ ಇದಕ್ಕೆ ಬದಲಿಯಲ್ಲ; ಸುತ್ತಿದ ಕೈ ಬದಲಾದರೆ ಒತ್ತಡವೂ ಬದಲಾಗುತ್ತದೆ. ಆಳವಾಗಿ ಸುಟ್ಟು, ಚರ್ಮ ಕಸಿ ಮಾಡಿಸಿಕೊಂಡವರಿಗೆ ವೈದ್ಯರು ಹೇಳಿದ್ದರೆ ಅಳತೆಗೆ ಮಾಡಿಸಿಕೊಳ್ಳುವುದರಲ್ಲಿ ಅರ್ಥವಿದೆ. ಸಣ್ಣ ಕಲೆಗೆ ಸಾಲ ಮಾಡಿ ತರುವ ಮೊದಲು ‘ನನ್ನ ಕಲೆಗೆ ಇದು ನಿಜವಾಗಿ ಬೇಕಾ?’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಸಿಲಿಕೋನ್ ಶೀಟ್

ಮೆತ್ತಗಿನ, ಪಾರದರ್ಶಕವಾದ, ಅಂಟಿಕೊಳ್ಳುವ ಹಾಳೆ. 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನ ತಂಡವೊಂದು ಇದನ್ನು ಸುಟ್ಟ ಕಲೆಗೆ ಬಳಸಿದ ಅನುಭವ ಬರೆಯಿತು. ಒತ್ತಡ ಇಲ್ಲದೆಯೂ ಇದು ಕೆಲಸ ಮಾಡುವಂತೆ ಕಂಡದ್ದು ಅಚ್ಚರಿಯ ಸಂಗತಿ. ಸಿಲಿಕೋನ್ ಚರ್ಮದೊಳಗೆ ಇಳಿಯುವುದರಿಂದ ಹೀಗಾಗುತ್ತದೆ ಎಂದೇನೂ ಅಲ್ಲ. ಕಲೆಯ ಮೇಲ್ಪದರದಿಂದ ನೀರಿನಂಶ ಬೇಗ ಆರುತ್ತದೆ. ಹಾಳೆ ಅದನ್ನು ಮುಚ್ಚಿ ತೇವ ಉಳಿಸುತ್ತದೆ. ಕೊಲಾಜನ್ ಮಾಡುವ ಕೋಶಗಳ ಆರ್ಭಟ ಅದರಿಂದ ತಗ್ಗುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ.

ಪುರಾವೆಯ ಗುಣಮಟ್ಟ? ಅಷ್ಟಕ್ಕಷ್ಟೆ. ವೈದ್ಯಕೀಯ ಪ್ರಯೋಗಗಳನ್ನು ಜರಡಿ ಹಿಡಿಯುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2013ರಲ್ಲಿ 20 ಪ್ರಯೋಗಗಳನ್ನು (873 ಜನ), 2021ರಲ್ಲಿ ಉಬ್ಬಿದ ಕಲೆಗೆ ಸಂಬಂಧಿಸಿದ 13 ಪ್ರಯೋಗಗಳನ್ನು (468 ಜನ) ಪರಿಶೀಲಿಸಿತು. ಲಾಭದ ಸೂಚನೆ ಇದೆ, ಆದರೆ ಪ್ರಯೋಗಗಳು ಸಣ್ಣವು, ಕಳಪೆಯವು, ಖಚಿತವಾಗಿ ಹೇಳಲಾಗದು ಎಂಬುದು ಎರಡರ ಸಾರ. ಪುರಾವೆ ಕಳಪೆ ಎಂದರೆ ಚಿಕಿತ್ಸೆ ಕಳಪೆ ಎಂದಲ್ಲ, ಪೂರ್ತಿ ಭರವಸೆ ಕೊಡಲು ಬರುವುದಿಲ್ಲ ಎಂದಷ್ಟೆ. ಅದಕ್ಕೇ “ಶೇ 100 ಗ್ಯಾರಂಟಿ” ಎಂದು ಬರೆದ ಪ್ಯಾಕೆಟ್ಟನ್ನು ಅನುಮಾನದಿಂದ ನೋಡಬೇಕು.

ಇನ್ನು ಎರಡನ್ನೂ ಒಟ್ಟಿಗೆ ಮಾಡಿದರೆ? ಬ್ರಿಸ್ಬೇನ್‌ನಲ್ಲಿ 153 ಮಕ್ಕಳನ್ನು ಮೂರು ಗುಂಪು ಮಾಡಿ – ಸಿಲಿಕೋನ್ ಜೆಲ್ ಮಾತ್ರ, ಬಿಗಿ ಉಡುಪು ಮಾತ್ರ, ಎರಡೂ – ಆರು ತಿಂಗಳು ನೋಡಿದರು. ಜೆಲ್ ಜೊತೆ ಬಿಗಿ ಉಡುಪನ್ನೂ ಸೇರಿಸಿದ್ದರಿಂದ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ಉಡುಪು ಹಾಕಿಸಿಕೊಳ್ಳಲು ದಿನಾ ಅಳುವ ಮಗುವಿನ ಅಪ್ಪ-ಅಮ್ಮಂದಿರಿಗೆ ಇದು ಸಣ್ಣ ಸುದ್ದಿಯಲ್ಲ.

ಬಳಸುವವರಿಗೆ ಒಂದೆರಡು ಮಾತು: ಗಾಯ ಪೂರ್ತಿ ಮುಚ್ಚಿದ ಮೇಲಷ್ಟೇ ಇಡಬೇಕು. ದಿನಕ್ಕೆ ಕೆಲವು ಗಂಟೆಗಳಿಂದ ಶುರು ಮಾಡಿ 12 ಗಂಟೆಗೂ ಮೇಲಕ್ಕೆ ಏರಿಸಬೇಕು, ಕನಿಷ್ಠ ಎರಡು-ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಹಾಳೆಯನ್ನೂ ಚರ್ಮವನ್ನೂ ದಿನಾ ತೊಳೆಯಬೇಕು, ಇಲ್ಲದಿದ್ದರೆ ಗುಳ್ಳೆ ಏಳುತ್ತದೆ. ಒಂದೇ ಹಾಳೆಯನ್ನು ತೊಳೆದು ಹಲವು ದಿನ ಬಳಸಬಹುದಾದ್ದರಿಂದ ಖರ್ಚು ಅಂದುಕೊಂಡಷ್ಟಾಗುವುದಿಲ್ಲ.

ಮಸಾಜ್: ಫಾರ್ವರ್ಡ್ ಅರ್ಧ ಸರಿ

“ದಿನಾ ಎಣ್ಣೆ ಹಚ್ಚಿ ತಿಕ್ಕಿ” ಎನ್ನುವ ಸಲಹೆಯಲ್ಲಿ ಒಂದಷ್ಟು ಹುರುಳಿದೆ. ಆದರೆ ಅದು ಎಣ್ಣೆಯಲ್ಲಿಲ್ಲ, ಬೆರಳಿನಲ್ಲಿದೆ.

1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 30 ಮಕ್ಕಳನ್ನು ತೆಗೆದುಕೊಂಡು, ಕೆಲವರಿಗೆ ಬಿಗಿ ಉಡುಪು ಮಾತ್ರ, ಉಳಿದವರಿಗೆ ಉಡುಪಿನ ಜೊತೆ ದಿನಕ್ಕೆ 10 ನಿಮಿಷ ಮಸಾಜ್, ಮೂರು ತಿಂಗಳ ಕಾಲ ಮಾಡಿದರು. ಕಲೆಯ ಎತ್ತರ, ಬಣ್ಣ, ಮೆದುತನ ಯಾವುದರಲ್ಲೂ ಹೇಳುವಂಥ ವ್ಯತ್ಯಾಸವಾಗಲಿಲ್ಲ. ಕೆಲವರಿಗೆ ತುರಿಕೆ ಕಡಿಮೆಯಾಯಿತು. 2014ರಲ್ಲಿ ದಕ್ಷಿಣ ಕೊರಿಯಾದಿಂದ ಬಂದ ಫಲಿತಾಂಶ ಬೇರೆ: 146 ರೋಗಿಗಳಲ್ಲಿ ತರಬೇತಾದವರಿಂದ ವಾರಕ್ಕೆ ಮೂರು ಸಲ, ಪ್ರತಿ ಸಲ 30 ನಿಮಿಷ ಮಸಾಜ್ ಪಡೆದವರಿಗೆ ನೋವು, ತುರಿಕೆ, ದಪ್ಪ ಎಲ್ಲವೂ ಹೋಲಿಕೆಯ ಗುಂಪಿಗಿಂತ ಚೆನ್ನಾಗಿ ತಗ್ಗಿದವು. ‘ಮಸಾಜ್’ ಎಂಬ ಒಂದೇ ಪದದಡಿ ಎರಡು ಬೇರೆ ಬೇರೆ ಕೆಲಸಗಳು ನಡೆದಿವೆ, ಫಲವೂ ಬೇರೆಯಾಗಿದೆ. ಮೇಲ್ಮೇಲೆ ಸವರುವುದಕ್ಕೂ, ಬೆರಳಿನಿಂದ ಒತ್ತಿ ಕಲೆಯ ಬಣ್ಣ ಬಿಳಿಚುವಷ್ಟು ಬಲ ಹಾಕಿ ಅದನ್ನು ಕೆಳಗಿನ ಪದರದ ಮೇಲೆ ಸರಿದಾಡಿಸುವುದಕ್ಕೂ ಬಹಳ ಅಂತರವಿದೆ. ಎಷ್ಟು ಬಲ ಎಂಬುದನ್ನು ಫಿಸಿಯೋಥೆರಪಿಸ್ಟ್ ಒಮ್ಮೆ ಕೈಯಲ್ಲಿ ತೋರಿಸಿಕೊಟ್ಟರೆ ಮನೆಯವರೇ ಮಾಡಬಹುದು. ಹೊಸ ಚರ್ಮ ತೆಳು. ಗುಳ್ಳೆ, ಬಿರುಕು, ಕೀವು ಇದ್ದರೆ ಮುಟ್ಟಬಾರದು.

ಎಣ್ಣೆಗೇನು ಪಾತ್ರ? ಸುಟ್ಟು ಮಾಯ್ದ ಜಾಗದಲ್ಲಿ ಜಿಡ್ಡಿನ ಗ್ರಂಥಿಗಳು ಹಾಳಾಗಿರುವುದರಿಂದ ಚರ್ಮ ಒಣಗಿ ಒಡೆಯುತ್ತದೆ. ಕೊಬ್ಬರಿ ಎಣ್ಣೆಯೋ ಸುವಾಸನೆ ಇಲ್ಲದ ಕ್ರೀಮೋ ತೇವ ಕೊಡುತ್ತದೆ, ಬೆರಳು ಜಾರಲು ಸಹಾಯ ಮಾಡುತ್ತದೆ. ಅಷ್ಟೆ. ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಚ್ಚುವುದನ್ನು ಮಾತ್ರ ಬಿಡಿ ಎನ್ನುತ್ತೇವೆ. 1999ರಲ್ಲಿ ಶಸ್ತ್ರಚಿಕಿತ್ಸೆಯ ಕಲೆಯಿದ್ದ 15 ಜನರಲ್ಲಿ ಕಲೆಯ ಅರ್ಧಕ್ಕೆ ವಿಟಮಿನ್ ಇ ಬೆರೆಸಿದ ಮುಲಾಮು, ಅರ್ಧಕ್ಕೆ ಬರೀ ಮುಲಾಮು ಹಚ್ಚಿ ನೋಡಿದಾಗ ಬಹುತೇಕರಿಗೆ ಲಾಭವೇ ಆಗಲಿಲ್ಲ, ಮೂವರಲ್ಲಿ ಒಬ್ಬರಿಗೆ ಅಲರ್ಜಿ ಎದ್ದಿತು. ಸಣ್ಣ ಅಧ್ಯಯನ ನಿಜ, ಆದರೆ ‘ಹಚ್ಚಿದರೆ ನಷ್ಟವೇನು’ ಎನ್ನುವವರಿಗೆ ಸಾಕಷ್ಟು ಉತ್ತರ ಅದರಲ್ಲಿದೆ.

ಯಂತ್ರಗಳು

ಫಿಸಿಯೋಥೆರಪಿ ಕ್ಲಿನಿಕ್‌ಗಳಲ್ಲಿ ಅಲ್ಟ್ರಾಸೌಂಡ್ ಯಂತ್ರ ಸಾಮಾನ್ಯ. ಸುಟ್ಟ ಕಲೆಯಿಂದ ಬಿಗಿದ ಕೀಲುಗಳಿಗೆ ಚಾಚುವ ವ್ಯಾಯಾಮದ ಮೊದಲು ಅಲ್ಟ್ರಾಸೌಂಡ್ ಕೊಟ್ಟು 1994ರಲ್ಲಿ ಪರೀಕ್ಷಿಸಿದಾಗ, ಕೊಡದವರಿಗಿಂತ ಲಾಭವಾಗಲಿಲ್ಲ. ಶಾಕ್‌ವೇವ್ ಎಂಬ ಹೊಸ ಯಂತ್ರದ ಬಗ್ಗೆ ಕೊರಿಯಾದ ಪ್ರಯೋಗಗಳು ನೋವು, ತುರಿಕೆ ಕಡಿಮೆಯಾದದ್ದನ್ನು ತೋರಿಸಿವೆ. ಆದರೆ ಅವೆಲ್ಲ ಸಣ್ಣ ಗುಂಪುಗಳು. ಹತ್ತು ಸಿಟ್ಟಿಂಗ್‌ನ ಪ್ಯಾಕೇಜ್ ಎಂದು ಮುಂಗಡ ಕೇಳಿದರೆ ಯೋಚಿಸಿ. ಲೇಸರ್ ಮತ್ತು ಕಲೆಯೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ವೈದ್ಯರ ವ್ಯಾಪ್ತಿಗೆ ಬರುವ ಚಿಕಿತ್ಸೆಗಳು, ಅವನ್ನು ಇಲ್ಲಿ ಬಿಟ್ಟಿದ್ದೇವೆ.

ಯಾರೂ ಫಾರ್ವರ್ಡ್ ಮಾಡದ ಚಿಕಿತ್ಸೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೆಚ್ಚಾಗಿ ಕಲೆ ಹೇಗೆ ಕಾಣುತ್ತದೆ, ಎಷ್ಟು ತುರಿಸುತ್ತದೆ ಎಂಬುದರ ಸುತ್ತ. ಆದರೆ ಉಬ್ಬಿದ ಕಲೆಗೆ ಇನ್ನೊಂದು ಗುಣವಿದೆ: ಅದು ಕುಗ್ಗುತ್ತದೆ. ಕಲೆಯೊಳಗಿನ ಕೆಲವು ಕೋಶಗಳು ಸ್ನಾಯುವಿನ ಹಾಗೆ ಎಳೆಯುತ್ತವೆ, ತಿಂಗಳುಗಟ್ಟಲೆ, ಹಗಲೂ ರಾತ್ರಿ. ಕಲೆ ಬೆನ್ನಿನ ಮಧ್ಯದಲ್ಲಿದ್ದರೆ ಇದರಿಂದ ಅಷ್ಟು ತೊಂದರೆಯಿಲ್ಲ. ಕತ್ತಿನಲ್ಲಿದ್ದರೆ ಗದ್ದ ಎದೆಗೆ ಅಂಟಿದಂತಾಗುತ್ತದೆ. ಕಂಕುಳಲ್ಲಿದ್ದರೆ ಕೈ ಮೇಲಕ್ಕೇಳುವುದಿಲ್ಲ. ತಲೆ ಬಾಚಲು, ರವಿಕೆ ತೊಡಲು, ಬಸ್ಸಿನ ಕಂಬಿ ಹಿಡಿಯಲು ಆಗುವುದಿಲ್ಲ. ಬೆರಳುಗಳಲ್ಲಿದ್ದರೆ ಅನ್ನ ಕಲಸುವುದೂ ಕಷ್ಟ.

ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಮಧ್ಯಮದಿಂದ ತೀವ್ರ ಸುಟ್ಟಗಾಯಗಳಿಗೆ ಒಳಗಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಲೆಯ ಮುಂದೆ ಸೆರಗಿಗೆ ಬೆಂಕಿ ತಗುಲಿದವರು, ಕುದಿಯುವ ಸಾರಿನ ಪಾತ್ರೆ ಎಳೆದುಕೊಂಡ ಮಕ್ಕಳು ಇದರಲ್ಲಿದ್ದಾರೆ. ಅವರಲ್ಲಿ ಎಷ್ಟೋ ಜನರ ಮುಂದಿನ ಬದುಕು ಕಲೆಯ ಬಣ್ಣಕ್ಕಿಂತ ಕೀಲು ಮಡಚುತ್ತದೋ ಇಲ್ಲವೋ ಎಂಬುದರ ಮೇಲೆ ನಿಂತಿರುತ್ತದೆ.

ಸುಟ್ಟವರಿಗೆ ಹಾಯೆನಿಸುವ ಭಂಗಿ ಯಾವುದೋ, ಸೊಟ್ಟಗಾಗುವುದೂ ಅದೇ ಭಂಗಿಯಲ್ಲಿ. ಕತ್ತು ಸುಟ್ಟವರಿಗೆ ಎರಡು ದಿಂಬಿಟ್ಟು ಗದ್ದ ತಗ್ಗಿಸಿ ಮಲಗಿದರೆ ಸುಖ. ಅದಕ್ಕೇ ಆಸ್ಪತ್ರೆಯಲ್ಲಿ ದಿಂಬು ಕಿತ್ತುಕೊಳ್ಳುತ್ತಾರೆ. ಕಂಕುಳು ಸುಟ್ಟವರಿಗೆ ಕೈಯನ್ನು ಮೈಗೆ ಒತ್ತಿಕೊಂಡರೆ ಸುಖ. ಫಿಸಿಯೋಥೆರಪಿಸ್ಟ್ ಅದನ್ನು ಅಡ್ಡಕ್ಕೆ ಚಾಚಿಸಿ ಸ್ಪ್ಲಿಂಟ್ ಕಟ್ಟುತ್ತಾರೆ. ನೋಡುವವರಿಗೆ ಇದು ಕ್ರೌರ್ಯದಂತೆ ಕಾಣುತ್ತದೆ. “ಪಾಪ, ನೋಯುತ್ತೆ, ಇವತ್ತೊಂದಿನ ಬಿಟ್ಟುಬಿಡಿ” ಎಂದು ಮನೆಯವರು ಹೇಳುವುದು ಪ್ರೀತಿಯಿಂದಲೇ. ಆದರೆ ಹಾಗೆ ಬಿಟ್ಟ ದಿನಗಳಲ್ಲೂ ಕಲೆ ಎಳೆಯುವುದನ್ನು ಬಿಡುವುದಿಲ್ಲ.

ಬಿಗಿ ಉಡುಪನ್ನು ಬಳಕೆಗೆ ತಂದ ಗ್ಯಾಲ್ವೆಸ್ಟನ್‌ನಲ್ಲೇ, ತೀವ್ರವಾಗಿ ಸುಟ್ಟ ಮಕ್ಕಳಿಗೆ 12 ವಾರಗಳ ಮೇಲ್ವಿಚಾರಣೆಯ ವ್ಯಾಯಾಮ ಮತ್ತು ಫಿಸಿಯೋಥೆರಪಿ ಕೊಟ್ಟು 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಗಿದ ಕಲೆಯನ್ನು ಕತ್ತರಿಸಿ ಬಿಡಿಸುವ ಆಪರೇಷನ್ ಬೇಕಾದ ಮಕ್ಕಳ ಸಂಖ್ಯೆ ಈ ಗುಂಪಿನಲ್ಲಿ ಕಡಿಮೆಯಿತ್ತು. ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ತೂಕದ ಫಲಿತಾಂಶ ಇದು. ಇಲ್ಲಿ ಅಳೆದದ್ದು ಕಲೆಯ ಮಿಲಿಮೀಟರ್ ಅಲ್ಲ, ಮಗು ಮತ್ತೆ ಆಪರೇಷನ್ ಟೇಬಲ್ ಹತ್ತಿತೋ ಇಲ್ಲವೋ ಎಂಬುದು. ಸ್ಪ್ಲಿಂಟ್ ಒಂದೇ ಸಾಕು ಎನ್ನುವುದಕ್ಕೆ ಪುರಾವೆ ಗಟ್ಟಿಯಿಲ್ಲ. ಅದು ಚಾಚಿದ ಜಾಗವನ್ನು ರಾತ್ರಿ ಹಿಡಿದಿಡುವ ಸಾಧನ; ಚಾಚುವ ಕೆಲಸ ಹಗಲಿನಲ್ಲಿ ನಡೆಯಬೇಕು. ಒಂದೇ ಸಲ ಜೋರಾಗಿ ಎಳೆಯುವುದಕ್ಕಿಂತ, ಕಲೆ ಬಿಗಿದು ಬಿಳಿಚುವ ಹಂತದವರೆಗೆ ಮೆಲ್ಲಗೆ ಚಾಚಿ ಹಿಡಿದು, ದಿನಕ್ಕೆ ಹಲವು ಸಲ ಮಾಡುವುದು ಒಳ್ಳೆಯದು. ಸ್ನಾನವಾದ ಮೇಲೆ, ಎಣ್ಣೆ ಹಚ್ಚಿದ ಮೇಲೆ ಸುಲಭ.

ದೊಡ್ಡ ಆಸ್ಪತ್ರೆಗಳ ಸುಟ್ಟಗಾಯ ವಿಭಾಗಗಳಿಗೆ, ಉದಾಹರಣೆಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ, ಬೇರೆ ಜಿಲ್ಲೆಗಳಿಂದ ಬಂದವರು ಡಿಸ್ಚಾರ್ಜ್ ಆದ ಮೇಲೆ ವಾರವಾರ ಬರಲಾಗುವುದಿಲ್ಲ. ಹಾಗಿದ್ದಾಗ ಡಿಸ್ಚಾರ್ಜ್ ದಿನವೇ ಫಿಸಿಯೋಥೆರಪಿಸ್ಟ್ ತೋರಿಸುವ ವ್ಯಾಯಾಮವನ್ನು ನಿಮ್ಮದೇ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಲು ಅನುಮತಿ ಕೇಳಿ. ಆ ವಿಡಿಯೋ ನಿಮ್ಮ ಗಾಯಕ್ಕೆ, ನಿಮ್ಮ ಕೀಲಿಗೆ ಹೇಳಿದ್ದು. ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೂ ಅದನ್ನು ತೋರಿಸಿ ಮುಂದುವರಿಸಬಹುದು.

ಊಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಬದನೆಕಾಯಿ, ಮೀನು, ಮೊಟ್ಟೆ ‘ನಂಜು’, ತಿಂದರೆ ಕಲೆ ಉಬ್ಬುತ್ತದೆ ಎಂದು ಹಲವು ಮನೆಗಳಲ್ಲಿ ಗಂಜಿಯಲ್ಲೇ ತಿಂಗಳು ದೂಡುತ್ತಾರೆ. ಸುಟ್ಟ ದೇಹಕ್ಕೆ ಪ್ರೋಟೀನ್ ಮಾಮೂಲಿಗಿಂತ ಬಹಳ ಹೆಚ್ಚು ಬೇಕು. ಅದು ಸಿಗದಿದ್ದರೆ ಗಾಯ ಮಾಯುವುದು ತಡವಾಗುತ್ತದೆ, ಮತ್ತು ತಡವಾಗಿ ಮಾಯ್ದ ಗಾಯವೇ ಉಬ್ಬುವುದು ಎಂಬುದನ್ನು ಮೇಲೆ ನೋಡಿದೆವು. ಮೊಟ್ಟೆ, ಮೀನು, ಬೇಳೆ, ಕಾಳು ಕೊಡಿ.

ಕಾಯಬಾರದ ಸಂದರ್ಭಗಳು

ಮುಖ ಸುಟ್ಟವರಲ್ಲಿ ಕಲೆ ರೆಪ್ಪೆಯನ್ನು ಕೆಳಕ್ಕೆಳೆದು ಕಣ್ಣು ಪೂರ್ತಿ ಮುಚ್ಚದಂತಾದರೆ ಮಸಾಜ್, ಸಿಲಿಕೋನ್ ಎಂದು ತಿಂಗಳುಗಟ್ಟಲೆ ನೋಡುವಂತಿಲ್ಲ. ಕಣ್ಣಿನ ಕರಿಗುಡ್ಡೆ ಒಣಗಿ ದೃಷ್ಟಿಗೇ ಅಪಾಯ. ಬಾಯಿ ತೆರೆಯುವುದು ದಿನೇ ದಿನೇ ಕಿರಿದಾಗುತ್ತಿದ್ದರೆ, ವ್ಯಾಯಾಮ ಮಾಡುತ್ತಿದ್ದರೂ ಕೀಲು ವಾರದಿಂದ ವಾರಕ್ಕೆ ಬಿಗಿಯುತ್ತಿದ್ದರೆ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ. ಎಷ್ಟೋ ವರ್ಷಗಳ ಹಳೆಯ ಸುಟ್ಟ ಕಲೆಯ ಮೇಲೆ ಹೊಸದಾಗಿ ಹುಣ್ಣಾಗಿ, ವಾರಗಳು ಕಳೆದರೂ ಮಾಯದಿದ್ದರೆ ಅದಕ್ಕೂ ಮುಲಾಮು ಹಚ್ಚುತ್ತಾ ಕೂರಬೇಡಿ. ಅಪರೂಪವಾಗಿಯಾದರೂ ಅಂಥ ಹುಣ್ಣುಗಳಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುತ್ತದೆ; ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ ಗೊತ್ತಾಗುತ್ತದೆ.